ಪವರ್ ಸಪ್ಲೈ ಡಬ್ಬದ ಹೇರ್‌ಪಿನ್ನು

ಗಂಡ ಸತ್ತ ಮೇಲೆ ಹೆಂಗಸಿನ ಮೈಮೇಲೆ ಏನಿರಬೇಕು, ಏನಿರಬಾರದು ಎಂಬುದು ಆ ಹೆಂಗಸೊಬ್ಬಳನ್ನು ಬಿಟ್ಟು ಊರಿಗೆಲ್ಲ ಗೊತ್ತಿರುತ್ತದೆ. ಅಜ್ಜಿಯ ಕೂದಲು ಯಾಕೆ ಯಾವಾಗಲೂ ಮುಖದ ಮೇಲೆ ಬಿದ್ದಿರುತ್ತದೆ ಎಂದು ಕೇಳುತ್ತಿರುತ್ತೀರಲ್ಲ ಮಕ್ಕಳೇ, ಎದುರಿಗೆ ಹೇಳಲು ನಾಚಿಕೆ. ಬರೆದಿಡುತ್ತೇನೆ.

ನಿಮ್ಮ ತಾತ ಚಾಮರಾಜನಗರದ ಆಫೀಸಿನಿಂದ ರಿಟೈರಾಗಿ ಹರವೆಯ ಮನೆಗೆ ಬಂದ ಮೇಲೆ ಅವರಿಗೆ ಹಳೆಯ ಕಂಪ್ಯೂಟರಿನ ಹುಚ್ಚು ಹಿಡಿಯಿತು. ಪೂರ್ತಿ ಕಂಪ್ಯೂಟರಲ್ಲ, ಅದಕ್ಕೆ ಕರೆಂಟು ಕೊಡುವ ಪವರ್ ಸಪ್ಲೈ ಎಂಬ ತಗಡಿನ ಡಬ್ಬ ಮಾತ್ರ. ಗುಂಡ್ಲುಪೇಟೆಯ ರಿಪೇರಿ ಅಂಗಡಿಯವರು ಬಿಸಾಡಿದ್ದನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತರುತ್ತಿದ್ದರು. ಜ್ವರ ಬಂದಿದ್ದಾಗಲೂ ನನಗೊಂದು ಸೀಟು ಹಿಡಿದುಕೊಟ್ಟವರಲ್ಲ. ಆ ಡಬ್ಬದಿಂದ ಸಣ್ಣ ಫ್ಯಾನು ತಿರುಗಿಸುವುದು, ಜೀಪಿನ ಬಲ್ಬು ಉರಿಸುವುದು, ಅದೇ ಅವರ ಸಂಸಾರ. ಆದರೆ ಅದು ಬರೀ ಸ್ವಿಚ್ಚು ಹಾಕಿದರೆ ಏಳುವ ಜಾತಿಯದಲ್ಲ. ವೈರುಗಳ ಗೊಂಚಲಿನಲ್ಲಿ ಹಸಿರನ್ನೂ ಕಪ್ಪನ್ನೂ ಸೇರಿಸಿದರೆ ಮಾತ್ರ ಗುಂಯ್ ಎನ್ನುವುದು. ಸೇರಿಸಲು ಅವರಿಗೆ ಸಿಕ್ಕಿದ್ದು ನನ್ನ ಹೇರ್‌ಪಿನ್ನು.

"ಒಂದ್ ಪಿನ್ ಕೊಡಮ್ಮಿ. ಇಲ್ದಿದ್ರೆ ತಲೆ ಏನ್ ಬಿದ್ದೋಯ್ತದಾ?"

ಕೇಳುವಷ್ಟರಲ್ಲಿ ಕೈ ನನ್ನ ತುರುಬಿನಲ್ಲಿರುತ್ತಿತ್ತು. ಆ ವಯಸ್ಸಿನಲ್ಲಿ ಅವರು ನನ್ನ ತಲೆ ಮುಟ್ಟಿದ್ದು ಇದೊಂದಕ್ಕೇ. ಬ್ಲೇಡಿನಿಂದ ಪಿನ್ನಿನ ಬಣ್ಣ ಕೆರೆದು ವೈರಿಗೆ ಸಿಕ್ಕಿಸಿದರೆ ಮುಗಿಯಿತು, ಮತ್ತೆ ನನ್ನ ಕಡೆ ನೋಡುತ್ತಿರಲಿಲ್ಲ.

ಅವರು ಹೋದರು. ತಿಥಿಯ ದಿನ ಫೋಟೋದ ಮೇಲೆ ಅವರೇ ಮಾಡಿಟ್ಟ ಬಲ್ಬು ಉರಿಯುತ್ತಿತ್ತು, ಕೆಳಗೆ ಡಬ್ಬ ಗುಂಯ್‌ಗುಡುತ್ತಿತ್ತು. ಚಂದಕವಾಡಿಯಿಂದ ಬಂದಿದ್ದ ಅವರ ಅಕ್ಕ ಶಾಸ್ತ್ರದಲ್ಲಿ ಬಲು ಕಟ್ಟುನಿಟ್ಟು. ಬಳೆ, ಹೂವು, ಕುಂಕುಮ ಎಲ್ಲ ಆದ ಮೇಲೆ ನನ್ನ ಪಿನ್ನುಗಳಿಗೆ ಕೈ ಹಾಕಿದರು.

"ಅತ್ತಿಗೆ, ಕೂದ್ಲು ನಿಲ್ಲಕೆ ಒಂದಾದ್ರೂ ಇರ್ಲಿ," ಎಂದೆ.

"ಪಿನ್ನು ಇರಾದು ಊವ ಮುಡಿಯಕೆ. ಊವೇ ಇಲ್ದ ಮ್ಯಾಕೆ ಪಿನ್ಯಾಕವ್ವ ನಿಂಗೆ?"

ನನ್ನ ಕಣ್ಣು ಡಬ್ಬದ ಕಡೆ ಹೋಯಿತು. ಅಲ್ಲಿ ನನ್ನದೊಂದು ಪಿನ್ನು ಉಳಿದಿತ್ತು. ಎಲ್ಲರೂ ಊರಿಗೆ ಹೊರಟ ಮೇಲೆ ತೆಗೆದುಕೊಂಡರಾಯಿತು ಎಂದುಕೊಂಡೆ. ನನ್ನ ಕಣ್ಣಿನ ಹಿಂದೆಯೇ ಅತ್ತಿಗೆಯ ಕಣ್ಣೂ ಹೋಯಿತು.

"ಇಲ್ಲೊಂದ ಬಚ್ಚಿಟ್ಟವ್ಳೆ ನೋಡ್ರವ್ವ," ಎಂದು ಕಿತ್ತೇಬಿಟ್ಟರು.

ಬಲ್ಬು ಆರಿತು. ಗುಂಯ್ ಎನ್ನುವುದು ನಿಂತಿತು. ಅತ್ತಿಗೆ ಫೋಟೋದ ಮುಂದೆ ಕುಸಿದು, "ಅಯ್ಯೋ ನನ್ ತಮ್ಮ, ಕ್ವಾಪ ಬಂತಾ ನಿಂಗೆ," ಎಂದು ಅಳತೊಡಗಿದರು. ಯಾರೋ ಕರ್ಪೂರ ಹಚ್ಚಿದರು, ಇನ್ಯಾರೋ ತೆಂಗಿನಕಾಯಿ ತಂದರು.

"ಅತ್ತಿಗೆ, ಆ ಪಿನ್ನು ಅಲ್ಲಿದ್ರೇನೆ ಅದು ಉರಿಯಾದು," ಎಂದೆ. ನನ್ನ ಮಾತು ಸೆರಗು ದಾಟಿ ಆಚೆ ಹೋಗಲಿಲ್ಲ. ಅವರ ಬೆರಳಿನಿಂದ ಪಿನ್ನು ಬಿಡಿಸಿಕೊಂಡು ನಾನೇ ಹಸಿರಿಗೂ ಕಪ್ಪಿಗೂ ಸಿಕ್ಕಿಸಿದೆ. ಬಲ್ಬು ಹತ್ತಿತು. ಎಲ್ಲರೂ ಕೈ ಮುಗಿದರು.

"ನೋಡ್ದಾ, ಒಪ್ಕಂಡ," ಎಂದು ಅತ್ತಿಗೆ ಕಣ್ಣೊರೆಸಿಕೊಂಡರು. "ಅವನ್ ಪಿನ್ನು ಅವನಿಗೇ ಇರ್ಲಿ ಬುಡಿ, ಯಾರೂ ಮುಟ್ಬ್ಯಾಡಿ. ನೀನೂ ಅಷ್ಟೇ ಕಣಮ್ಮಿ."

ಹೀಗೆ ಈ ಮನೆಯಲ್ಲಿ ಮುತ್ತೈದೆಯಾಗಿ ಉಳಿದದ್ದು ಆ ಡಬ್ಬ ಒಂದೇ. ಅತ್ತಿಗೆ ಬಂದಾಗಲೆಲ್ಲ ಅದಕ್ಕೆ ಹೂವನ್ನೂ ಇಡುತ್ತಾರೆ.

ಅಂಗಡಿಯಲ್ಲಿ ಪಿನ್ನು ಸಿಗುವುದಿಲ್ಲವೇ ಅಜ್ಜಿ ಎನ್ನುತ್ತೀರಿ. ಸಿಗುತ್ತದೆ. ಯಾರಿಗೆ ಎಂದು ಅಂಗಡಿಯವನು ಕೇಳಿಬಿಟ್ಟರೆ ಎಂಬ ಅಂಜಿಕೆಯಲ್ಲಿ ಇಷ್ಟು ದಿನ ಹೋಗಿರಲಿಲ್ಲ. ಹೋದ ವಾರ ಧೈರ್ಯ ಮಾಡಿ ಹೋದೆ. ಕೇಳಿಯೇಬಿಟ್ಟ.

"ಡಬ್ಬಕ್ಕೆ," ಎಂದೆ. ಸುಳ್ಳಾಗಬಾರದಲ್ಲ, ತಂದು ಡಬ್ಬದ ಮೇಲೆಯೇ ಇಟ್ಟಿದ್ದೇನೆ.