ಬಂಗಡೆ ಕಾಯುವ ಸಿಡಿ

ರೂಪೇಶನ ಗ್ರಹಚಾರ ಶುರುವಾದದ್ದು ಒಂದೇ ಒಂದು ಕ್ಲಿಕ್ಕಿನಿಂದ. ಇಡೀ ಕಾರವಾರಕ್ಕೆ ತಾನೇ ಮೊದಲಿಗನಾಗಬೇಕೆಂಬ ಹುರುಪಿನಲ್ಲಿ, ತುಂಡು ತುಂಡು ಪ್ರೋಗ್ರಾಮುಗಳನ್ನು ಸೇರಿಸಿ ಕಟ್ಟಿಕೊಡುವ ಬಿಲ್ಡ್ ಟೂಲಿನ ಹಳೆಯ 1.5 ವರ್ಶನ್ ಕಿತ್ತೆಸೆದು, ಹೊಚ್ಚ ಹೊಸ 2.0 ಕೂರಿಸಿದ. ಸಮುದ್ರದ ಭರತ-ಇಳಿತದ ಹೊತ್ತು ಹೇಳುವ ಅಂಥದೊಂದು ತುಂಡನ್ನು, ಅಂದರೆ ಲೈಬ್ರರಿಯನ್ನು, ಅವನೇ ಎರಡು ವರ್ಷ ಬೆವರು ಸುರಿಸಿ ಬರೆದಿದ್ದ. ಆ ಬೆವರಿಗೆ ಕಾಳಿ ನದಿ ಎರಡು ಸಲ ಉಕ್ಕಿತ್ತು. ಅಂಥ ಲೈಬ್ರರಿ ಈಗ ತನಗೆ 1.5 ಬಿಟ್ಟು ಬೇರೆ ಯಾವುದೂ ಬೇಡವೆಂದು ಹಟ ಹಿಡಿದು, ಪರದೆ ತುಂಬ ಕೆಂಪು ಎರರ್ ಕಾರಿತು.

"ಐದ್ ಗಂಟಿಗೆ ದೇವಬಾಗದ ಮೀನುಗಾರ್ರ ಸಂಘದವ್ರು ನೋಡೂಕೆ ಬರ್ತಾರೆ," ಎಂದ ಆಫೀಸಿನ ಯಜಮಾನ ಮಾದೇವ. "ಅಷ್ಟ್ರೊಳಗೆ ಪ್ರೋಗ್ರಾಂ ಓಡದಿದ್ರೆ ನಾಳೆಯಿಂದ ನೀ ಬರೂದೇ ಬ್ಯಾಡ."

ಪಕ್ಕದ ಕುರ್ಚಿಯ ವಿಕಾಸ ಕೇಳದೆಯೇ ಔಷಧಿ ಹೇಳಿದ: "ಲೈಬ್ರರಿನ ಸಿಡಿಗೆ ಇಳಿಸ್ಕೊ, ಕಂಪ್ಯೂಟರ್ ಪೂರಾ ಒರೆಸ್ ಹಾಕು. ತಲೆಸ್ನಾನ ಮಾಡ್ಸಿದ ಹಂಗೆ ಚೊಲೋ ಆಗ್ತದೆ ಮಾರಾಯಾ!"

ತಲೆಸ್ನಾನ ಮುಗಿಯಿತು. ರೋಗ ಇದ್ದಲ್ಲೇ ಇತ್ತು, ಕಂಪ್ಯೂಟರ್ ಮಾತ್ರ ಬೋಳಾಯಿತು. ಹಳೆಯ ವರ್ಶನ್ ಇಳಿಸಿಕೊಳ್ಳಹೋದರೆ, ಇಂಟರ್‌ನೆಟ್ಟು ಹನ್ನೊಂದು ದಿನ ಕಾಯಲು ಹೇಳಿತು.

ಆಗ ನೆನಪಾದದ್ದು ಅಂಕೋಲೆಯ ಮಾನಸಾ. ಕಂಪ್ಯೂಟರ್ ಕ್ಲಾಸಿನಲ್ಲಿ ಜೊತೆಗಿದ್ದ ಅವಳಿಗೆ ಅವನೇ 1.5ರ ಸಿಡಿ ಕೊಟ್ಟಿದ್ದ. ಲೈಬ್ರರಿಯ ಸಿಡಿಯನ್ನು ಬಿಟ್ಟುಹೋದರೆ ವಿಕಾಸ ಅದಕ್ಕೂ ಸ್ನಾನ ಮಾಡಿಸಿಯಾನೆಂದು ಹೆದರಿ ಚೀಲಕ್ಕೆ ಹಾಕಿಕೊಂಡ. ಇರಲೆಂದು ಒಂದು ಖಾಲಿ ಸಿಡಿಯನ್ನೂ ತುರುಕಿದ. ಎರಡರ ಮೇಲೂ ಹೆಸರು ಬರೆಯುವಷ್ಟು ವ್ಯವಧಾನವಿರಲಿಲ್ಲ. ಬಸ್ಸು ಹತ್ತಿದ.

"ಆ ಸಿಡಿಯಾ? ಆಯಿ ಕೈಲದೆ ರೂಪೇಶಣ್ಣಾ," ಎಂದು ಮಾನಸಾ ಹಿತ್ತಲಿಗೆ ಕರೆದೊಯ್ದಳು.

ಅಲ್ಲಿ ಒಣಗಲು ಹರವಿದ ಬಂಗಡೆ ಮೀನಿನ ಮೇಲೆ, ಕಾಗೆ ಬೆದರಿಸಲು ನಲವತ್ತು ಸಿಡಿಗಳು ದಾರದಲ್ಲಿ ತೂಗುತ್ತಿದ್ದವು. ಅವುಗಳ ಥಳಥಳಕ್ಕೆ ಅರಬ್ಬಿ ಸಮುದ್ರದ ಹಡಗುಗಳೇ ದಾರಿ ಬದಲಿಸುತ್ತಿದ್ದವು. ಮೇಲಿನ ಬರಹವನ್ನೆಲ್ಲ ಬಿಸಿಲು, ಉಪ್ಪುಗಾಳಿ ನೆಕ್ಕಿಬಿಟ್ಟಿದ್ದವು.

"ಹುಡುಕ್ಕೊ ತಮಾ," ಎಂದಳು ಮಾನಸಾಳ ತಾಯಿ ಹೀರಾ, ಕಾಗೆ ಓಡಿಸುವ ಕೋಲು ಕೆಳಗಿಡದೆ. "ಒಂದ್ ತಕಂಡ್ ಹೋದ್ರೆ ಮತ್ತೊಂದ್ ಕೊಡ್ಬೇಕು ಮತ್ತೆ!"

ಬೇಲಿಯಾಚೆಯಿಂದ ನೆರೆಮನೆಯ ಬೊಮ್ಮಿ ಕೂಗಿದಳು: "ಆ ಮೂಲೇದ್ ನೋಡಾ, ಅದ್ಕೆ ಕಾಗೆ ಭಾಳ ಹೆದ್ರತಾವೆ!"

ಮಾನಸಾಳ ಕಂಪ್ಯೂಟರಿಗೆ ಒಂದೊಂದಾಗಿ ಹಾಕಿದ. ಮೂಲೆಯದು ಬೊಮ್ಮಿಯ ಮದುವೆಯ ವಿಡಿಯೋ. ಕಾಗೆಗಳದು ತಪ್ಪೆನ್ನುವಂತಿರಲಿಲ್ಲ. ಮೂವತ್ತೊಂಬತ್ತನೆಯದು 1.5! ರೂಪೇಶ ಅದಕ್ಕೆ ಮುತ್ತಿಟ್ಟ, ಬಾಯಿ ತುಂಬ ಬಂಗಡೆಯ ಉಪ್ಪು. ಚೀಲದಿಂದ ಬದಲಿ ಸಿಡಿ ತೆಗೆದು ಹೀರಾಳ ಕೈಗಿಟ್ಟು, ಬಸ್ಸಿಗೆ ಓಡಿದ.

ಐದಕ್ಕೆ ಕಾಲು ಗಂಟೆ ಬಾಕಿಯಿರುವಾಗ ಆಫೀಸಿನಲ್ಲಿ 1.5 ಕೂತಿತು. ಒಂದೂ ತಕರಾರಿಲ್ಲ. ಮಾದೇವ ಚಾ ತರಿಸಿದ. ರೂಪೇಶ ಬಿಟ್ಟ ನಿಟ್ಟುಸಿರಿಗೆ ಶಿರವಾಡದವರೆಗೂ ತೆಂಗಿನ ಗರಿ ಅಲ್ಲಾಡಿತು.

"ಹಾಂ, ಈಗ ಲೈಬ್ರರಿ ಹಾಕು," ಎಂದ ವಿಕಾಸ.

ಹಾಕಿದ. ಸಿಡಿ ಖಾಲಿ! ಲೈಬ್ರರಿ ಅಂಕೋಲೆಯಲ್ಲಿ ಬಂಗಡೆ ಕಾಯುತ್ತಿತ್ತು.

ಅಷ್ಟರಲ್ಲಿ ಫೋನು. ಸಂಘದ ನಾಗು: "ಮಾದೇವ ಸರ್ರೇ, ನಮ್ ದೋಣಿ ಉಸುಕ್ನಲ್ಲಿ ಕೂತ್ಬಿಟ್ಟದೆ. ಇಳಿತ ಎಷ್ಟೊತ್ತಿಗೆ ಅಂತ ಅಂದಾಜಾಗ್ಲಿಲ್ಲ. ನಾಳೆ ಮಧ್ಯಾಹ್ನ ಬರ್ತೇವೆ. ಇದ್ಕೇ ನೋಡಿ, ನಿಮ್ ಪ್ರೋಗ್ರಾಂ ಬೇಕೇ ಬೇಕು!"

ಹೋದ ಜೀವ ಬಂದಂತಾಗಿ ರೂಪೇಶ ಅಂಕೋಲೆಗೆ ಫೋನು ಹಚ್ಚಿದ. ಎತ್ತಿದವಳು ಹೀರಾ.

"ಅತ್ಯಾ, ನಾ ಕೊಟ್ಟ ಸಿಡಿ ಇದ್ಯಾ?"

"ಇಲ್ದೆ ಎಲ್ ಹೋಗ್ತದೆ? ಭಾರಿ ಚೊಲೋ ಅದೆ ತಮಾ! ಒಂದ್ ಕಾಗೆನೂ ಹತ್ರ ಬರ್ಲಿಲ್ಲ."

"ಅಬ್ಬಾ! ಅದನ್ನ ಬದಿಗೆ ತೆಗೆದಿಡಿ."

"ಯಾವ್ದು ಅಂತ ತೆಗೀಲಿ? ನೀ ಕೆಳಗಿಳಿಸಿದ್ದೆಲ್ಲ, ಅದ್ನೂ ಸೇರ್ಸಿ, ಬೊಮ್ಮಿ ಒಟ್ಟಿಗೇ ಕಟ್ಟಿದ್ಲು. ಬಂದು ಹುಡುಕ್ಕೊ. ಬರೂವಾಗ ಬದ್ಲಿಗೆ ಒಂದ್ ತಕಂಡೇ ಬಾ!"

ರೂಪೇಶ ಎದುರಿದ್ದ ಖಾಲಿ ಸಿಡಿ ಎತ್ತಿಕೊಂಡ. ಅದರ ಮೇಲೆ ಅಂಕೋಲೆಯ ಕಾಗೆಗಳೂ ಓದುವಷ್ಟು ದಪ್ಪ ಅಕ್ಷರದಲ್ಲಿ 'ಖಾಲಿ' ಎಂದು ಬರೆದು, ಬೆಳಗಿನ ಮೊದಲ ಬಸ್ಸಿಗೆಂದು ಚೀಲಕ್ಕೆ ಹಾಕಿಕೊಂಡ.