ಕಂಬಳಿ ಹಾಸಿ ಜಾಗ ಹಿಡಿದದ್ದು

ಬಸ್ಸಿನಲ್ಲಿ ಸೀಟು ಹಿಡಿಯುವ ವಿದ್ಯೆಯಲ್ಲಿ ಮಾನ್ವಿ ಪಟ್ಟಣದಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ದಾಖಲೆಗೆ ಇರಲಿ ಎಂದು ಹೇಳುತ್ತಿದ್ದೇನೆ. ರಾಯಚೂರು ಬಸ್ಸು ನಿಲ್ದಾಣದೊಳಗೆ ತಿರುಗುವ ಮುಂಚೆಯೇ ಅದರ ಜೊತೆ ಓಡಿ ಕಿಟಕಿಯೊಳಗೆ ಟವೆಲ್ ಎಸೆದೆನೆಂದರೆ ಅದು ಡ್ರೈವರನ ಹಿಂದಿನ ಸೀಟಿನ ಮೇಲೆಯೇ ಬೀಳುತ್ತಿತ್ತು. ಟವೆಲ್ ಇಲ್ಲದಿದ್ದರೆ ಕೈಚೀಲ, ಕೈಚೀಲ ಇಲ್ಲದಿದ್ದರೆ ಮಗಳ ಚಪ್ಪಲಿ. ಒಮ್ಮೆ ಕವಿತಾಳದ ಬಸ್ಸಿಗೆ ಏನೂ ಸಿಗದೆ ಒಂದು ಹೀರೇಕಾಯಿ ಎಸೆದು ಸೀಟು ಹಿಡಿದಿದ್ದೆ. ಒಬ್ಬ ಹಿರಿಯರು ಆ ಹೀರೇಕಾಯಿಗೆ ಮರ್ಯಾದೆ ಕೊಟ್ಟು ಊರು ಬರುವವರೆಗೂ ನಿಂತೇ ಬಂದರು.

ಇಂಥ ನಾನು, ರಾಯಚೂರಿನ ಒಂದು ಮೈದಾನದಲ್ಲಿ ಮೂರು ಜನಕ್ಕೆ ಜಾಗ ಹಿಡಿಯಲಾರೆನೇ?

ಎಂಬತ್ತರ ದಶಕ ಆಗತಾನೇ ಶುರುವಾಗಿತ್ತು. ನಮ್ಮ ಮಗಳು ಲಕ್ಷ್ಮಿ ಒಂಬತ್ತನೆಯ ತರಗತಿಯಲ್ಲಿದ್ದಳು. ಶಾಲೆಯ ಬ್ಯಾಂಡ್ ತಂಡದಲ್ಲಿ ಆಕೆಯ ಸೊಂಟಕ್ಕೆ ಡ್ರಮ್ಮು ಬಂದಿತ್ತು. ಮನೆಯಲ್ಲಿ ಆಕೆ ಬಾರಿಸದ ವಸ್ತುವೇ ಇರಲಿಲ್ಲ: ಪರಾತ, ಹಿಟ್ಟಿನ ಡಬ್ಬಿ, ಮಲಗಿದ್ದ ತಂದೆಯ ಬೆನ್ನು. ಅಕ್ಕಿ ಮಿಲ್ಲಿನಲ್ಲಿ ಗುಮಾಸ್ತರಾಗಿದ್ದ ನಮ್ಮ ಯಜಮಾನರು ಬೆನ್ನಿನ ಬಗ್ಗೆ ಎಂದೂ ದೂರಲಿಲ್ಲ. ತಾಳ ತಪ್ಪಿದಾಗ ಮಾತ್ರ ಮಲಗಿದಲ್ಲಿಂದಲೇ ತಿದ್ದುತ್ತಿದ್ದರು. ಜಿಲ್ಲೆಯ ಶಾಲೆಗಳ ಬ್ಯಾಂಡ್ ಸ್ಪರ್ಧೆಗೆ ಆಕೆಯ ತಂಡ ಆಯ್ಕೆಯಾದಾಗ ನಾನು ಓಣಿಯಲ್ಲಿ ಏಳು ಮನೆಗೆ ಹೋಗಿ, ಏಳು ಮನೆಯಲ್ಲೂ ಸಕ್ಕರೆ ಸಾಲ ಕೇಳುವ ನೆಪದಲ್ಲಿ, ಆ ಸುದ್ದಿ ಹೇಳಿಬಂದೆ. ಆ ತಿಂಗಳು ನಮ್ಮ ಮನೆಯಲ್ಲಿ ಸಕ್ಕರೆಗೆ ಬರವಿರಲಿಲ್ಲ.

ತೊಂದರೆ ಇದ್ದದ್ದು ಗಬ್ಬೂರಿನಲ್ಲಿ. ಅಲ್ಲಿ ನಮ್ಮ ಅತ್ತೆ ಇದ್ದರು.

ನಮ್ಮದು ಕುರಿ ಕಾಯುವ ಮನೆತನ. ಮಾವನವರು ಡೊಳ್ಳು ಬಾರಿಸಿದರೆ ದೇವದುರ್ಗದವರೆಗೆ ಕೇಳುತ್ತಿತ್ತು ಎಂದು ಅತ್ತೆ ಹೇಳುತ್ತಿದ್ದರು. ಗಬ್ಬೂರಿಗೂ ದೇವದುರ್ಗಕ್ಕೂ ಎಷ್ಟು ದೂರ ಎಂದು ನಾನು ಕೇಳಿದವಳಲ್ಲ. ಸೊಸೆ ಕೇಳುವ ಮಾತಲ್ಲ ಅದು. ಮಾವನವರು ತೀರಿಕೊಂಡ ಮೇಲೆ ಡೊಳ್ಳು ಗೂಟಕ್ಕೆ ಏರಿದ್ದು ಮತ್ತೆ ಇಳಿದಿರಲಿಲ್ಲ. ಮೊಮ್ಮಗಳು ಡ್ರಮ್ಮು ಹಿಡಿದಿದ್ದಾಳೆಂಬ ಸುದ್ದಿ ತಿಳಿದ ಕೂಡಲೇ ಅತ್ತೆ ಬಸ್ಸು ಹತ್ತಿ ಬಂದರು.

"ಹೆಣ್ಣುಮಗಳು ಮಂದಿ ಮುಂದ ಡೊಳ್ಳು ಬಡಿಯೋದೇನ ಶರಣಮ್ಮ? ಅದು ಗಂಡಸರ ಕೊರಳಾಗಿಂದು. ಬಿಡಸು ಅದನ್ನ."

"ಅತ್ತಿ, ಒಮ್ಮಿ ಬಂದು ನೋಡ್ರಿ. ನಿಮ್ಮನ್ನ ಎಲ್ಲಾರಿಗಿಂತ ಮುಂದ ಕುಂದ್ರಸ್ತೀನಿ. ನೋಡಿ ನೀವು ಬ್ಯಾಡಂದ್ರ ಬಿಡಸ್ತೀನಿ."

ಅತ್ತೆ ಸಂತೆಯಲ್ಲಿ ಕುರಿ ಮಾರಿದವರು. ಸುಮ್ಮನೆ ಒಪ್ಪುವವರಲ್ಲ. "ನನಗ ಕಾಣಲಿಲ್ಲಂದ್ರನೂ ಬಿಡಸಬೇಕು" ಅಂದರು.

ಹೀಗೆ ಮಗಳ ಡ್ರಮ್ಮಿನ ಭವಿಷ್ಯ ನನ್ನ ಜಾಗ ಹಿಡಿಯುವ ವಿದ್ಯೆಯ ಮೇಲೆ ಬಂದು ಕುಳಿತಿತು. ನಾನು ಒಂದು ಚೂರೂ ಹೆದರಲಿಲ್ಲ. ಹೆದರಬೇಕಿತ್ತು.

ಸ್ಪರ್ಧೆಯ ದಿನ ಮೊದಲ ಬಸ್ಸಿಗೆ ರಾಯಚೂರು ಸೇರಿದೆವು. ಬೆಳಿಗ್ಗೆ ಶಾಲೆಗಳ ಬ್ಯಾಂಡು, ಮಧ್ಯಾಹ್ನ ಊರೂರಿನ ಡೊಳ್ಳಿನ ಮೇಳಗಳು. ಎರಡೂ ಒಂದೇ ಮೈದಾನದಲ್ಲಿ. ಹೀಗಾಗಿ ಮಕ್ಕಳ ತಂದೆತಾಯಿಯರು ಒಂದು ಕಡೆಯಿಂದ, ಡೊಳ್ಳಿನವರು ಇನ್ನೊಂದು ಕಡೆಯಿಂದ, ಸುಮ್ಮನೆ ನೋಡಲು ಬಂದವರು ಎಲ್ಲ ಕಡೆಯಿಂದ ನುಗ್ಗುತ್ತಿದ್ದರು. ಅತ್ತೆಯನ್ನೂ ಯಜಮಾನರನ್ನೂ ಗೇಟಿನ ಬಳಿ ಬೇವಿನ ನೆರಳಲ್ಲಿ ಕೂರಿಸಿ, ಸೆರಗು ಬಿಗಿದು ಒಳಗೆ ಹೋದೆ.

ಶಾಮಿಯಾನದ ಕೆಳಗೆ ಎರಡನೆಯ ಸಾಲಿನಲ್ಲಿ ಮೂರು ಕುರ್ಚಿ ಖಾಲಿ ಇದ್ದವು. ಟವೆಲ್ ಹಾಸಿದೆ. ಬಿಲ್ಲೆ ಧರಿಸಿದ ಮೇಷ್ಟ್ರು ಒಬ್ಬರು ಬಂದು ಅದನ್ನು ಎರಡು ಬೆರಳಿನಲ್ಲಿ ಎತ್ತಿ ನನ್ನ ಕೈಗಿಟ್ಟರು.

"ಇವು ಸಾಹೇಬ್ರ ಕುರ್ಚಿ ಅದಾವಮ್ಮ."

"ಸಾಹೇಬ್ರು ಎಲ್ಲಿ ಅದಾರ?"

"ಬರ್ತಾರ."

"ಬಂದ ಮ್ಯಾಲ ಏಳ್ತೀವಿ ಬಿಡ್ರಿ."

ಮೇಷ್ಟ್ರು ಟವೆಲ್ ಕೊಟ್ಟ ಕೈಯಿಂದಲೇ ದಾರಿ ತೋರಿಸಿದರು. ಬಸ್ಸಿನ ಕಾನೂನು ಇವರಿಗೆ ತಿಳಿದಿರಲಿಲ್ಲ.

ಶಾಮಿಯಾನದ ಪಕ್ಕದಲ್ಲಿ, ಮೈದಾನದ ಸುತ್ತ ಕಟ್ಟಿದ್ದ ಹಗ್ಗಕ್ಕೆ ತುಸು ಹಿಂದೆ, ಸಾರ್ವಜನಿಕರ ಜಮಖಾನ ಹಾಸಿದ್ದರು. ಮುಂದಿನ ತುದಿಯಲ್ಲಿ ಟವೆಲ್ ಹಾಸಿದೆ. ತಿರುಗಿ ನೋಡುವಷ್ಟರಲ್ಲಿ ಅದರ ಮೇಲೆ ಒಂದು ಇಡೀ ಸಂಸಾರ ಕುಳಿತಿತ್ತು. "ಟವೆಲ್ ನಂದು" ಎಂದೆ. "ತಗೋಳ್ರಿ" ಎಂದು ಆ ಹೆಣ್ಣುಮಗಳು ಸ್ವಲ್ಪ ಎದ್ದು ಎಳೆದು ಕೊಟ್ಟು ಮತ್ತೆ ಕುಳಿತಳು. ನನಗೆ ಟವೆಲ್ ಬಂತು, ಜಾಗ ಬರಲಿಲ್ಲ.

ಆಗ ನನಗೊಂದು ಅಪೂರ್ವ ಯೋಚನೆ ಹೊಳೆಯಿತು. ಅತ್ತೆಯ ಕಂಬಳಿ!

ನಮ್ಮ ಕಡೆ ಕಂಬಳಿಯನ್ನು ಯಾರೂ ತುಳಿಯುವುದಿಲ್ಲ. ಅದರಲ್ಲೂ ಕುರಿಯವರ ಕರಿ ಕಂಬಳಿ ಎಂದರೆ ದೇವರನ್ನು ಕೂರಿಸುವ ಗದ್ದುಗೆಯ ಹಾಸು. ಟವೆಲ್ಲಿಗೆ ಸಿಗದ ಮರ್ಯಾದೆ ಕಂಬಳಿಗೆ ಸಿಕ್ಕೇ ಸಿಗುತ್ತದೆ. ಓಡಿಹೋಗಿ ಅತ್ತೆಯ ಹೆಗಲ ಮೇಲಿದ್ದುದನ್ನು ಕೇಳಿದೆ.

"ಎಲ್ಲೆಂದ್ರಲ್ಲಿ ಹಾಸಬ್ಯಾಡ ಮತ್ತ" ಅಂದರು.

"ಇಲ್ಲ ಅತ್ತಿ, ಮುಂದ ಹಾಸ್ತೀನಿ" ಅಂದೆ.

ಜಮಖಾನಕ್ಕೂ ಹಗ್ಗಕ್ಕೂ ನಡುವೆ ಉಳಿದಿದ್ದ ಬರಿ ನೆಲದ ಮೇಲೆ ಕಂಬಳಿ ಬಿಚ್ಚಿದೆ. ಇದಕ್ಕಿಂತ ಮುಂದೆ ಕೂರಬೇಕೆಂದರೆ ಬ್ಯಾಂಡಿನ ಜೊತೆಗೇ ಕೂರಬೇಕು, ಅಂಥ ಜಾಗ. ಧೂಳಿನ ಗಾಳಿ ಬೀಸುತ್ತಿತ್ತು. ಕಂಬಳಿ ಹಾರಬಾರದೆಂದು ಒಂದು ಮೂಲೆಗೆ ನೀರಿನ ತಾಮ್ರದ ತಂಬಿಗೆ, ಇನ್ನೊಂದಕ್ಕೆ ಬಿಳಿ ಬಟ್ಟೆಯ ರೊಟ್ಟಿ ಗಂಟು, ಮೂರನೆಯದಕ್ಕೆ ಅತ್ತೆಯ ಎಲೆಯಡಿಕೆ ಚೀಲ ಇಟ್ಟೆ. ನಾಲ್ಕನೆಯದಕ್ಕೆ ಏನೂ ಇರಲಿಲ್ಲ. ಬಸ್ಸಿನಲ್ಲಿ ಅತ್ತೆಗೆ ವಾಕರಿಕೆ ಬಂದರೆ ಮೂಸಲಿ ಎಂದು ತಂದಿದ್ದ ನಿಂಬೆಹಣ್ಣು ನೆನಪಾಯಿತು. ಅದನ್ನೂ ಇಟ್ಟು, ಹಿಂದೆ ಸರಿದು ನಿಂತು ನೋಡಿದೆ. ಜನ ಬಳಸಿಕೊಂಡು ಹೋಗುತ್ತಿದ್ದರು. ಒಬ್ಬಾತ ಚಪ್ಪಲಿ ಕೈಯಲ್ಲಿ ಹಿಡಿದು ದಾಟಿದ. ನನ್ನ ಬುದ್ಧಿಗೆ ನಾನೇ ತಲೆದೂಗಿದೆ.

ಗೇಟಿಗೆ ಬಂದರೆ ಯಜಮಾನರು ಚಹಾ ಕುಡಿಯಲು ಹೋಗಿದ್ದರು. ಅವರು ಬರುವವರೆಗೆ ಕಾದು, ಅವರಿಗೆ ನಾಲ್ಕು ಮಾತು ಹೇಳಿ, ಅತ್ತೆಯ ಕೈ ಹಿಡಿದು ಒಳಗೆ ಹೋಗುವಷ್ಟರಲ್ಲಿ ಎರಡು ಶಾಲೆಗಳ ಬ್ಯಾಂಡು ಮುಗಿದಿತ್ತು. ಮೂರನೆಯದು ನಮ್ಮದು.

ನನ್ನ ಕಂಬಳಿಯ ಸುತ್ತ ಜನವೋ ಜನ. ಸಂದಿಯಲ್ಲಿ ಇಣುಕಿದೆ. ದೇವದುರ್ಗದ ಕಡೆಯ ಡೊಳ್ಳಿನ ಮೇಳದವರು ತಮ್ಮ ಡೊಳ್ಳುಗಳನ್ನೆಲ್ಲ ತಂದು ಕಂಬಳಿಯ ಸುತ್ತ ಸಾಲಾಗಿ ಇಟ್ಟಿದ್ದರು. ತಂಬಿಗೆಗೆ ವೀಳ್ಯದೆಲೆ ಇಟ್ಟು ಕಳಸ ಮಾಡಿದ್ದರು. ನಿಂಬೆಹಣ್ಣಿಗೆ ಕುಂಕುಮ ಹಚ್ಚಿದ್ದರು. ಕಂಬಳಿಯ ತುಂಬ ಭಂಡಾರ, ಅಂದರೆ ದೇವರ ಅರಿಸಿನ ಪುಡಿ, ಚೆಲ್ಲಿದ್ದರು. ನಾನು ನೋಡುತ್ತಿದ್ದಂತೆಯೇ ಒಬ್ಬರು ತೆಂಗಿನಕಾಯಿ ಒಡೆದರು.

ನನ್ನ ಮುಂದೆ ಒಂದು ಭಾರಿ ಹಳದಿ ರುಮಾಲು ಇತ್ತು. ಅದರ ಕೆಳಗೆ ಮೇಳದ ಹಿರಿಯ ಇದ್ದ.

"ಯಪ್ಪಾ, ಸ್ವಲ್ಪ ಸರೀರಿ. ಅದು ನಮ್ಮ ಕಂಬಳಿ."

"ಗದ್ದುಗಿ ಆದ ಮ್ಯಾಲ ನಮ್ಮದು ನಿಮ್ಮದು ಎಲ್ಲಿ ತಂಗಿ? ಕೈ ಮುಗದು ನಿಂದ್ರು."

"ಗದ್ದುಗಿ ಅಲ್ರಿ ಅದು, ನಾ ಜಗಾ ಹಿಡದೀನಿ. ಈಕಿನ ನೋಡ್ರಿ, ನಮ್ಮತ್ತಿ. ಕಂಬಳಿ ಈಕಿದು."

ಹಿರಿಯ ಹಿಂದೆ ತಿರುಗಿ ಅತ್ತೆಯ ಹಣೆಯ ಭಂಡಾರ ನೋಡಿದ. "ಕಂಬಳಿಯವ್ವ ಬಂದಾಳ, ದಾರಿ ಬಿಡ್ರಿ" ಅಂದ. ದಾರಿ ಆಯಿತು. ಅತ್ತೆ ಒಳಗೆ ಹೋದರು. ನಾನೂ ಹೋಗಬೇಕೆನ್ನುವಷ್ಟರಲ್ಲಿ ದಾರಿ ಮುಚ್ಚಿಕೊಂಡಿತು.

ಈಗ ಅತ್ತೆ ಎಲ್ಲರನ್ನೂ ಬೈದು, ಕಂಬಳಿ ಝಾಡಿಸಿ, ನಮ್ಮನ್ನು ಕರೆಯುತ್ತಾರೆಂದು ಕಾದೆ. ಅವರು ಬಗ್ಗಿ ನಮಸ್ಕಾರ ಮಾಡಿ, ಕಂಬಳಿಯ ಪಕ್ಕದಲ್ಲಿ ಪೂಜಾರಿಯಂತೆ ಕಾಲು ಮಡಚಿ ಕುಳಿತರು.

"ಅತ್ತಿ, ನಮಗೂ ಜಗಾ ಮಾಡ್ರಿ" ಎಂದು ಕೂಗಿದೆ.

"ಭಂಡಾರ ಬಿದ್ದದ್ದರ ಮ್ಯಾಲ ಕುಂದುರ್ತೀಯೇನ? ಅಲ್ಲೇ ನಿಂದ್ರು."

ಹೀಗೆ ಇಡೀ ಮೈದಾನದಲ್ಲೇ ಉತ್ತಮವಾದ ಮೂರು ಜನರ ಜಾಗದಲ್ಲಿ ಒಂದು ತಂಬಿಗೆ, ಒಂದು ರೊಟ್ಟಿ ಗಂಟು, ಒಂದು ಎಲೆಯಡಿಕೆ ಚೀಲ ಮತ್ತು ಒಂದು ನಿಂಬೆಹಣ್ಣು ಕುಳಿತು ಸ್ಪರ್ಧೆ ನೋಡಿದವು. ಅದನ್ನು ಹಿಡಿದವಳು ರುಮಾಲಿನ ಹಿಂದೆ ನಿಂತಿದ್ದಳು.

ಮಾನ್ವಿಯ ಮಕ್ಕಳು ಬಂದರು ಎಂದು ಕೂಗಿದರು. ಡ್ರಮ್ಮು ಶುರುವಾಯಿತು. ನಾನು ಎಡಕ್ಕೆ ಸರಿದರೆ ರುಮಾಲು ಎಡಕ್ಕೆ, ಬಲಕ್ಕೆ ಸರಿದರೆ ಬಲಕ್ಕೆ. ತುದಿಗಾಲಲ್ಲಿ ನಿಂತೆ. ಹಿರಿಯನೂ ನಿಂತ. ಪಕ್ಕದಲ್ಲಿ ನಮ್ಮ ಯಜಮಾನರು ಎತ್ತರದ ಆಳು, ಅವರಿಗೆ ಎಲ್ಲ ಕಾಣುತ್ತಿತ್ತು. ಬಾಯಿ ತೆರೆದುಕೊಂಡು ನಿಂತಿದ್ದರು. ಬೆನ್ನ ಮೇಲೆ ಕೇಳಿದ ತಾಳವನ್ನು ಕಣ್ಣಿಂದ ನೋಡುವುದು ಅವರಿಗೂ ಮೊದಲ ಸಲ.

ಇದ್ದಕ್ಕಿದ್ದಂತೆ ಒಂದು ಡ್ರಮ್ಮು ನಿಂತಿತು. ಜನರೆಲ್ಲ "ಓ" ಅಂದರು. ನಾನು ಯಜಮಾನರ ತೋಳು ಜಗ್ಗಿದೆ.

"ಏನಾತ್ರಿ?"

"ತಡಿ, ನೋಡಾಕತ್ತೀನಿ."

"ಯಾರ ಡ್ರಮ್ಮ ಅದು?"

"ತಡಿ ಅಂದ್ನೆಲ್ಲ."

ಆಗ ನಾನು ಎರಡೂ ಕೈ ಎತ್ತಿ ಆ ರುಮಾಲನ್ನು ಕೆಳಗೆ ಒತ್ತಿಯೇ ಬಿಡಬೇಕೆಂದುಕೊಂಡೆ. ಎತ್ತಿದ್ದೂ ಆಯಿತು. ಅಷ್ಟರಲ್ಲಿ ಡ್ರಮ್ಮು ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ. ಜನ ಚಪ್ಪಾಳೆ ಹೊಡೆದರು, ಡೊಳ್ಳಿನವರು ಕೇಕೆ ಹಾಕಿದರು. ಯಾತಕ್ಕೆಂದು ತಿಳಿಯದಿದ್ದರೂ ಎತ್ತಿದ ಕೈಯಲ್ಲಿ ನಾನೂ ಚಪ್ಪಾಳೆ ಹೊಡೆದೆ. ನನ್ನ ಮಗಳ ತಂಡ, ನಾನು ಯಾಕೆ ಹಿಂದೆ ಬೀಳಲಿ?

ಎಲ್ಲ ಮುಗಿದ ಮೇಲೆ ಹಿರಿಯ ತಿರುಗಿ ನನ್ನ ಅಂಗೈಗೆ ಏನೋ ಇಟ್ಟ. "ಪರಸಾದ ತಗೊ ತಂಗಿ" ಅಂದ. ನೋಡಿದರೆ ನಾನೇ ಬೆಳಗಿನ ಜಾವ ಎದ್ದು ತಟ್ಟಿದ ಜೋಳದ ರೊಟ್ಟಿಯ ಕಾಲು ಭಾಗ, ಮೇಲೆ ನನ್ನದೇ ಪುಂಡಿಪಲ್ಯ. ಕಣ್ಣಿಗೊತ್ತಿಕೊಂಡು ತಿಂದೆ. ಉಪ್ಪು ಕಡಿಮೆಯಾಗಿತ್ತು.

ಲಕ್ಷ್ಮಿ ಬೆವರಿಳಿಸುತ್ತ ಓಡಿ ಬಂದಳು.

"ಯವ್ವಾ, ನೋಡಿದೇನ್ ಬೇ?"

"ನೋಡಲಾರದೇನ? ಪೂರಾ ನೋಡಿದೆ. ಒಂದು ಪೆಟ್ಟೂ ತಪ್ಪಲಿಲ್ಲ ನಿಂದು."

ಆಕೆಯ ಮುಖ ಸಣ್ಣದಾಯಿತು. "ಕೋಲೇ ಕೈಯಾಗಿಂದ ಹಾರಿ ಹೋಗಿತ್ತಲ್ಲ ಬೇ."

ನಾನು ಯಜಮಾನರ ಮುಖ ನೋಡಿದೆ. ಅವರು ಆಕಾಶ ನೋಡಿದರು.

ನಡೆದದ್ದನ್ನು ನಾನು ತಿಳಿದುಕೊಂಡದ್ದು ಮರಳುವ ಬಸ್ಸಿನಲ್ಲಿ, ಅದೂ ಮಗಳ ಬಾಯಿಂದ. ನಡುವೆ ಆಕೆಯ ಒಂದು ಕೋಲು ಬೆವರಿಗೆ ಜಾರಿ ಹಾರಿ, ಹಗ್ಗ ದಾಟಿ, ಸರಿಯಾಗಿ ನಮ್ಮ ಕಂಬಳಿಯ ಮೇಲೆ ನಿಂಬೆಹಣ್ಣಿನ ಪಕ್ಕಕ್ಕೆ ಬಿತ್ತಂತೆ. ಗದ್ದುಗೆಯ ಮೇಲೆ ಬಿದ್ದದ್ದನ್ನು ಮುಟ್ಟಲು ಯಾರಿಗೂ ಧೈರ್ಯವಾಗಲಿಲ್ಲವಂತೆ. ಅತ್ತೆ ಎದ್ದರಂತೆ. ಕೋಲನ್ನು ಎತ್ತಿ, ಭಂಡಾರ ಹಚ್ಚಿ, ಆ ವಯಸ್ಸಿನಲ್ಲಿ ಹಗ್ಗದ ಕೆಳಗೆ ನುಸುಳಿ ಮೈದಾನಕ್ಕೆ ಹೋಗಿ ಮೊಮ್ಮಗಳ ಕೈಗೆ ಕೊಟ್ಟರಂತೆ.

"ಅಜ್ಜಿ ಏನಂದ್ಲು ಗೊತ್ತೇನ್ ಬೇ? 'ನಿಂದ್ರಸಬ್ಯಾಡ, ನಿಮ್ಮ ತಾತ ಎಂದೂ ನಿಂದ್ರಸಿಲ್ಲ, ಬಡಿ' ಅಂದ್ಲು."

ನನ್ನ ಕಣ್ಣು ತುಂಬಿದವು. ಹೊರಗಿನವರು ಮೈದಾನಕ್ಕಿಳಿದರೆಂದು ತೀರ್ಪುಗಾರರು ನಮ್ಮ ಶಾಲೆಗೆ ಎರಡನೆಯ ಬಹುಮಾನ ಕೊಟ್ಟಿದ್ದರು. ಅತ್ತೆ ಅದನ್ನು ಒಪ್ಪಲಿಲ್ಲ. "ಅವರಿಗೇನು ತಿಳೀತದ ಡೊಳ್ಳು?" ಎಂದು ಮಾನ್ವಿ ಬರುವವರೆಗೆ ಕಂಡಕ್ಟರನಿಗೆ ವಿವರಿಸಿದರು. ಡ್ರಮ್ಮು ಬಿಡಿಸುವ ಮಾತು ಮತ್ತೆ ಬರಲಿಲ್ಲ. ಮುಂದಿನ ವರ್ಷ ಗೂಟದ ಮೇಲಿನ ಡೊಳ್ಳೇ ಇಳಿದು ನಮ್ಮ ಮನೆಗೆ ಬಂತು. ನಮ್ಮ ಯಜಮಾನರ ಬೆನ್ನಿಗೆ ಬಿಡುವು ಸಿಕ್ಕಿತು.

ಆ ದಿನ ಯಾರೋ ಸ್ಟುಡಿಯೋದವರು ತೆಗೆದ ಒಂದು ಫೋಟೋವನ್ನು ಶಾಲೆಯವರು ನಮಗೆ ಕೊಟ್ಟರು. ಅದು ಇಂದಿಗೂ ನಮ್ಮ ಪಡಸಾಲೆಯಲ್ಲಿದೆ. ಮನೆಗೆ ಬಂದವರಿಗೆಲ್ಲ ಅತ್ತೆ ಇರುವವರೆಗೂ ತಾವೇ ತೋರಿಸುತ್ತಿದ್ದರು: "ಈಕಿ ನನ್ನ ಮೊಮ್ಮಗಳು. ಕೋಲು ಕೊಡಾಕತ್ತಾಕಿ ನಾನು. ಅಕಾ ಅಲ್ಲಿ ನೋಡ್ರಿ, ಅದು ನನ್ನ ಕಂಬಳಿ." ನಿಂಬೆಹಣ್ಣು ಕೂಡ ಅದರಲ್ಲಿ ಸ್ಪಷ್ಟವಾಗಿ ಬಂದಿದೆ.

ಬಂದವರು ಕೊನೆಗೆ ನನ್ನ ಕಡೆ ತಿರುಗಿ, "ನೀವು ಹೋಗಿರಲಿಲ್ಲೇನ್ರಿ ಶರಣಮ್ಮ?" ಎಂದು ಕೇಳುತ್ತಾರೆ.

ಫೋಟೋದ ಮೂಲೆಯಲ್ಲಿ ಒಂದು ಭಾರಿ ರುಮಾಲು ಇದೆ. ಅದರ ಮೇಲೆ ಬಳೆ ತೊಟ್ಟ ಎರಡು ಕೈಗಳು. ಆಶೀರ್ವಾದ ಮಾಡುತ್ತಿರುವಂತೆ ಕಾಣುತ್ತವೆ. ನಾನು ಹೆಮ್ಮೆಯಿಂದ ಅವುಗಳ ಮೇಲೆ ಬೆರಳಿಟ್ಟು ಹೇಳುತ್ತೇನೆ:

"ಇವು ನನ್ನವು. ಆ ಜಗಾ ಹಿಡದಾಕಿನ ನಾನು."