ಸೊಳ್ಳೆ ಮಾವನ ಬಲಗಾಲು

ನಮ್ಮ ಸೋದರಮಾವ ಯಾರ ಮನೆಗೆ ಹೋದರೂ ಮೊದಲು ಯೋಗಕ್ಷೇಮ ವಿಚಾರಿಸುವುದು ಆ ಮನೆಯ ನೀರಿನ ಡ್ರಮ್ಮನ್ನು. ಮನೆಯವರ ಸರದಿ ಆಮೇಲೆ, ಅದೂ ಡ್ರಮ್ಮು ಪಾಸಾದರೆ! ಅವರ ಚೀಲದಲ್ಲಿ ಒಂದು ಟಾರ್ಚು, ಒಂದು ಬಿಳಿ ಸೌಟು ಸದಾ ಸಿದ್ಧ. ಸೌಟಿನಲ್ಲಿ ನೀರೆತ್ತಿ, ಟಾರ್ಚು ಬಿಟ್ಟು, ಸೊಳ್ಳೆ ಮರಿ ಮಿಸುಕಾಡಿದರೆ ಮುಗಿಯಿತು. ಆ ಮನೆಯಲ್ಲಿ ಅವರು ಕಾಫಿ ಕುಡಿಯುವುದಿಲ್ಲ. ಅರಕಲಗೂಡಿನ ಅವರ ಬೀದಿಯಲ್ಲಿ ಮಾವ ಬರುವುದು ಕಂಡರೆ ಹೆಂಗಸರು ಸೆರಗು ಸರಿಮಾಡಿಕೊಳ್ಳುವ ಮೊದಲು ಡ್ರಮ್ಮಿನ ಮುಚ್ಚಳ ಸರಿಮಾಡುತ್ತಾರೆ.

ತಪ್ಪು ತಿಳಿಯಬೇಡಿ, ಇದು ತಾನಾಗಿ ಹಿಡಿದ ಹುಚ್ಚಲ್ಲ. ಸಂಬಳ ಕೊಟ್ಟು ಹಿಡಿಸಿದ ಹುಚ್ಚು! ಮಾವ ಆರೋಗ್ಯ ಇಲಾಖೆಯಲ್ಲಿ ಮೂವತ್ತು ವರ್ಷ ಕೀಟ ಸಂಗ್ರಾಹಕರಾಗಿದ್ದರು. ಅಂದರೆ ಸೊಳ್ಳೆ ಹಿಡಿಯುವ ಕೆಲಸ. ಪ್ಯಾಂಟನ್ನು ಮೊಣಕಾಲಿನ ತನಕ ಮಡಿಚಿ, ಬಲಗಾಲು ಚಾಚಿ ಕೂರಬೇಕು. ಸೊಳ್ಳೆ ಬಂದು ಕೂತಾಗ, ಕಚ್ಚುವ ಮೊದಲೇ, ಗಾಜಿನ ಕೊಳವೆ ಇಟ್ಟು ಬಾಯಿಂದ ಸೊರ್ ಎಂದು ಎಳೆಯಬೇಕು. ಹೀಗೆ ಗೊರೂರಿನಿಂದ ಚನ್ನರಾಯಪಟ್ಟಣದವರೆಗೆ ಹಿಡಿದ ಸೊಳ್ಳೆಗಳನ್ನೆಲ್ಲ ಹಾಸನದ ಕಚೇರಿಗೆ ಒಪ್ಪಿಸಿದರೆ, ಅವುಗಳಲ್ಲಿ ಡೆಂಗಿ ವೈರಸ್ಸಿದೆಯೋ, ಚಿಕೂನ್‌ಗುನ್ಯಾ ಇದೆಯೋ ಎಂದು ಪರೀಕ್ಷೆಗೆ ಕಳಿಸುತ್ತಿದ್ದರು.

"ಸೊಳ್ಳೆ ಬಾಯಿಗೆ ಓಗಲ್ವಾ ಮಾವ?" ಎಂದು ಚಿಕ್ಕವಳಿದ್ದಾಗ ಕೇಳಿದ್ದೆ.

"ನಡುವೆ ಬಲೆ ಬಟ್ಟೆ ಇರ್ತದೆ ಮಗಾ. ಒಂದಿನ ಅದು ಹರಿದೋಗಿತ್ತು ನೋಡು, ಅವತ್ತು ಹಸಿವೇ ಆಗ್ಲಿಲ್ಲ!"

ನಿವೃತ್ತಿಯಾದ ಮೇಲಾದರೂ ಕಾಲು ಒಳಗೆಳೆದುಕೊಂಡರೇ? ಚನ್ನರಾಯಪಟ್ಟಣದಲ್ಲಿ ನನ್ನ ಗೆಳತಿಯ ಮದುವೆ. ಛತ್ರದ ಹಿಂಬಾಗಿಲಲ್ಲಿ, ಕೈತೊಳೆಯುವ ತೊಟ್ಟಿಯ ಪಕ್ಕ, ಜರತಾರಿ ಶಲ್ಯ ಹೊದ್ದ ನಮ್ಮ ಮಾವ ಪ್ಯಾಂಟು ಮಡಿಚಿ, ಬಾಯಲ್ಲಿ ಕೊಳವೆ ಕಚ್ಚಿ, ತಪಸ್ಸಿಗೆ ಕೂತಿದ್ದಾರೆ! ಯಾರೋ ಹಿರಿಯರು ಗಾಬರಿಯಾಗಿ "ಅವರ್ಯಾರಮ್ಮಾ?" ಎಂದು ನನ್ನನ್ನೇ ಕೇಳಿದರು. "ಗೊತ್ತಿಲ್ಲ, ಗಂಡಿನ ಕಡೆಯೋರಿರ್ಬೇಕು" ಎಂದುಬಿಟ್ಟೆ. ಇನ್ನೇನು ಹೇಳಲಿ? ಆಮೇಲೆ ಎಲ್ಲರೂ ಮುಯ್ಯಿ ಓದಿಸುವಾಗ ಮಾವನೂ ಸಾಲಿನಲ್ಲಿ ನಿಂತು, ಒಂದು ಪ್ಲಾಸ್ಟಿಕ್ ಕವರಿನ ತುಂಬ ನೀರು, ಅದರೊಳಗೆ ಹತ್ತು ಗಪ್ಪಿ ಮೀನು ತುಂಬಿ ಮದುಮಗಳ ಕೈಗೆ ಕೊಟ್ಟರು. "ತೊಟ್ಟಿಗೆ ಬಿಡವ್ವಾ, ಸೊಳ್ಳೆ ಮರಿ ತಿನ್ಕೊಂಡಿರ್ತವೆ. ನೂರ್ಕಾಲ ಚೆನ್ನಾಗಿರಿ." ಹರಸಿದ್ದು ದಂಪತಿಗಳನ್ನೋ ಮೀನುಗಳನ್ನೋ ಅವರಿಗೇ ಗೊತ್ತು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಹಿಂದಿನ ವರ್ಷದ ಪಿತೃಪಕ್ಷದಲ್ಲಿ ಅವರು ಮಾಡಿದ ಕೆಲಸಕ್ಕೆ ನಗು ಬರಲಿಲ್ಲ. ಹೊಳೆನರಸೀಪುರದ ನಮ್ಮ ಮನೆಗೆ ನಾಲ್ಕು ದಿನಕ್ಕೊಮ್ಮೆ ನಲ್ಲಿ ನೀರು. ಸತ್ತ ಅಜ್ಜಿಗೆ ಎಡೆ ಇಡುವ ದಿನ, ಮನೆ ತುಂಬ ನೆಂಟರು, ಅವ್ವ ಮೂರು ಡ್ರಮ್ಮು ತುಂಬಿಸಿಟ್ಟಿದ್ದಳು. ಬೆಳಿಗ್ಗೆಯೇ ಬಂದ ಮಾವ ಸೌಟು ಹಾಕಿ ನೋಡಿದರು. ಮರಿಗಳಿದ್ದವು. ಯಾರನ್ನೂ ಕೇಳದೆ ಮೂರೂ ಡ್ರಮ್ಮನ್ನು ಚರಂಡಿಗೆ ಬಗ್ಗಿಸಿಬಿಟ್ಟರು!

ಅವ್ವ ಖಾಲಿ ಡ್ರಮ್ಮುಗಳ ಮುಂದೆ ನಿಂತು, "ಎತ್ತವ್ವಂಗೆ ಒಂದ್ ಚೊಂಬು ನೀರಿಡೋಕೂ ಇಲ್ದಂಗ್ ಮಾಡ್ದಲ್ಲೋ!" ಎಂದು ಅತ್ತಳು. ಅವತ್ತಿನಿಂದ ತಮ್ಮನ ಜೊತೆ ಮಾತು ಬಂದ್. ಮಾವ ಬರುವುದು ಬಿಡಲಿಲ್ಲ, ಅವ್ವ ಮಾತಾಡಲಿಲ್ಲ. ನಡುವೆ ನಾನು ಪೋಸ್ಟಾಫೀಸು. "ಮುದ್ದೆ ಆರೋಯ್ತದೆ, ಉಣ್ಣಾಕ್ ಯೋಳವ್ವ ಅವನಿಗೆ." ಆ ‘ಅವನು’ ಮೂರು ಮಾರು ದೂರದಲ್ಲೇ ಕೂತಿರುತ್ತಿದ್ದ! ಮಾವ ಒಂದು ವರ್ಷ ನನ್ನ ಮುಖ ನೋಡಿಕೊಂಡೇ ಅಕ್ಕನ ಮನೆಯ ಮುದ್ದೆ ಉಂಡರು.

ಈ ಮಳೆಗಾಲದಲ್ಲಿ ಅವ್ವನಿಗೆ ಜ್ವರ ಬಂತು. ಡೆಂಗಿ. ಮನೆಯಲ್ಲೇ ಇರಿ, ದಿನಾ ರಕ್ತ ಪರೀಕ್ಷೆ ಮಾಡಿಸಿ, ಪ್ಲೇಟ್ಲೆಟ್ ಇಳಿದರೆ ತಕ್ಷಣ ಬನ್ನಿ ಎಂದರು ಡಾಕ್ಟರು. ನಾನು ಫೋನು ಮಾಡಿದ ಒಂದೂವರೆ ಗಂಟೆಯಲ್ಲಿ ಮಾವ ಹಾಜರ್. ನೇರ ಹಿತ್ತಿಲಿಗೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ ಡ್ರಮ್ಮುಗಳ ಮುಂದೆ ಸುಮ್ಮನೆ ನಿಂತಿದ್ದಾರೆ. ಮೂರಕ್ಕೂ ಅವ್ವನ ಹಳೇ ಸೀರೆ ಎರಡು ಮಡಿಕೆ ಮಾಡಿ, ಹುರಿಯಿಂದ ಬಿಗಿಯಾಗಿ ಕಟ್ಟಿತ್ತು.

"ಯಾವಾಗಿಂದ ಕಟ್ತಾವಳೆ?"

"ನೀವು ಚೆಲ್ಲಿದ ಮಾರನೇ ದಿನದಿಂದ" ಎಂದೆ.

ಮಾವ ಮೂಗೊರೆಸಿಕೊಂಡು ಮನೆಯೆಲ್ಲ ಜಾಲಾಡಿದರು. ಕಡೆಗೆ ಮರಿಗಳು ಸಿಕ್ಕಿದ್ದು ಫ್ರಿಜ್ಜಿನ ಹಿಂದೆ ನೀರು ತೊಟ್ಟಿಕ್ಕುವ ತಟ್ಟೆಯಲ್ಲಿ. ಫ್ರಿಜ್ಜು ತಂದವಳು ನಾನು! ತಲೆ ತಗ್ಗಿಸಿ ತಟ್ಟೆ ಉಜ್ಜಿದೆ.

ಡೆಂಗಿ ಸೊಳ್ಳೆ ಹಗಲಲ್ಲೇ ಕಚ್ಚುವುದಂತೆ. ಮಾವ ಹಗಲೇ ಅವ್ವನ ಮಂಚಕ್ಕೆ ಪರದೆ ಕಟ್ಟಿದರು. "ಈಗ ಅವಳ್ ಮೈಯಲ್ಲಿ ವೈರಸ್ ಐತೆ ಮಗಾ. ಅವಳ್ನ ಕಚ್ಚಿದ್ ಸೊಳ್ಳೆ ಆಮೇಲೆ ಬೀದಿಯೋರ್ಗೆಲ್ಲ ಹಂಚ್ತದೆ."

ಪರದೆಯೊಳಗಿಂದ ಕ್ಷೀಣವಾಗಿ ಬಂತು: "ನಾನೇನು ಬೀದಿಗೆ ಜ್ವರ ಹಂಚೋಳಾ? ಕೇಳವ್ವ ಅವನ್ನ!"

ಮೂರನೆಯ ದಿನ ಪ್ಲೇಟ್ಲೆಟ್ ತುಂಬ ಇಳಿಯಿತು. ಹಾಸನಕ್ಕೆ ಸೇರಿಸಿ, ನಾಲ್ಕು ದಿನಕ್ಕೆ ಮನೆಗೆ ಕರೆತಂದೆವು. ಆ ನಾಲ್ಕೂ ದಿನ ಮಾವ ಆಸ್ಪತ್ರೆಯಲ್ಲಿ ಒಂದು ತೊಟ್ಟಿಯನ್ನೂ ಇಣುಕಿ ನೋಡಲಿಲ್ಲ. ಆಗಲೇ ನನಗೆ ಅವರ ಭಯ ಅರ್ಥವಾದದ್ದು.

ಮನೆಗೆ ಬಂದ ಮಧ್ಯಾಹ್ನ. ಸೆಖೆ ಎಂದು ಅವ್ವ ಪರದೆ ಕಟ್ಟಲು ಬಿಡಲಿಲ್ಲ. ಕಣ್ಣು ಮುಚ್ಚಿ ಮಲಗಿದಳು. ಮಾವ ಮಂಚದ ಪಕ್ಕ ನೆಲದ ಮೇಲೆ ಕೂತು, ಪ್ಯಾಂಟು ಮಡಿಚಿ, ಬಾಯಲ್ಲಿ ಕೊಳವೆ ಕಚ್ಚಿ, ಆ ಬಲಗಾಲನ್ನು ಚಾಚಿದರು. ಅಕ್ಕನ ಹತ್ತಿರ ಬರುವ ಸೊಳ್ಳೆ ಮೊದಲು ತನ್ನ ಮೇಲೆ ಕೂರಲಿ ಎಂದು! ನಾನು ಕಿತ್ತಳೆ ಸುಲಿಯುತ್ತ ನೋಡುತ್ತಿದ್ದೆ. ಗಂಟೆಗಟ್ಟಲೆ ಕೂತರು.

ಅವ್ವ ಕಣ್ಣು ಬಿಡದೆ ಕೇಳಿದಳು: "ಎಷ್ಟು ಸಿಕ್ಕಿದ್ವು?"

ನಾನು ಉತ್ತರಿಸಲು ಬಾಯಿ ತೆರೆದೆ. ಆದರೆ ಪ್ರಶ್ನೆ ನನಗಲ್ಲ.

ಮಾವನ ಬಾಯಿಂದ ಕೊಳವೆ ಜಾರಿತು. "ಮೂರು ಕಣಕ್ಕ." ಆಮೇಲೆ ಕೊಳವೆ ಎತ್ತಿಟ್ಟು, "ಅವತ್ತು ನೀರ್ ಸೋಸ್ಬೇಕಿತ್ತು ಕಣಕ್ಕ. ಊರಿಗೆಲ್ಲ ಅದ್ನೇ ಯೋಳ್ಕೊಂಡ್ ಬಂದೋನು ನಾನು. ಚೆಲ್ಬುಟ್ಟೆ" ಎಂದರು.

ಅವ್ವ ಮಂಚದಿಂದ ಕೈ ಇಳಿಬಿಟ್ಟು ತಮ್ಮನ ಮೊಣಕಾಲು ತಡಕಿದಳು.

"ಕಾಲ್ ಮುಚ್ಕಳ್ಲಾ, ಸೊಳ್ಳೆ ಕಚ್ತವೆ."

ನನಗೆ ನಗುವೂ ಬಂತು, ಅಳುವೂ ಬಂತು. ಮೂವತ್ತು ವರ್ಷ ಜಿಲ್ಲೆಯ ಸೊಳ್ಳೆಗಳಿಗೆಲ್ಲ ಕಾಲು ಚಾಚಿದ ನಮ್ಮ ಮಾವ "ಊಂ ಕಣಕ್ಕ" ಎಂದು ಪ್ಯಾಂಟಿನ ಮಡಿಕೆಯನ್ನು ಒಂದೊಂದಾಗಿ ಬಿಚ್ಚಿ ಪಾದದವರೆಗೂ ಎಳೆದುಕೊಂಡರು.